ಸೋಫಾಗಾಗಿ ದೇಶ ಬಿಟ್ಟವರು

ಈಗ ಆ ಊರಿಗೆ ಹೋದರೆ ಗೆರೆ ಕಾಣುವುದಿಲ್ಲ. ಡಾಂಬರಿನ ಮೇಲೆ ಡಾಂಬರು ಬಿದ್ದು ಅದು ಎಲ್ಲೋ ಅಡಿಯಲ್ಲಿ ಸೇರಿಹೋಗಿದೆ. ಈ ಕಥೆ ನಡೆದ ಕಾಲದಲ್ಲಿ ಮಾತ್ರ ಊರಿನ ನಟ್ಟನಡುವೆ ಬಿಳಿ ಬಣ್ಣದ ಗೆರೆಯೊಂದು ಬಲು ಠೀವಿಯಿಂದ ಹಾದುಹೋಗುತ್ತಿತ್ತು. ಗೆರೆಯ ಈಚೆಗೆ ಮೇಲ್ಬೀದಿ, ಅದೊಂದು ದೇಶ. ಆಚೆಗೆ ಕೆಳಬೀದಿ, ಅದಿನ್ನೊಂದು ದೇಶ. ಎರಡೂ ಸರ್ಕಾರದವರು ವರ್ಷಕ್ಕೊಮ್ಮೆ ಬಣ್ಣದ ಡಬ್ಬಿ ಹಿಡಿದು ಬಂದು, ಕುಂಚ ಯಾರು ಹಿಡಿಯಬೇಕೆಂದು ಜಗಳವಾಡಿ, ಅರ್ಧರ್ಧ ಬಳಿದು ಹೋಗುತ್ತಿದ್ದರು. ಭಾಷೆ ಒಂದೇ, ಬಾವಿ ಒಂದೇ, ನೆಗಡಿ ಬಂದರೂ ಎರಡೂ ದೇಶಗಳಿಗೆ ಒಟ್ಟಿಗೇ ಬರುತ್ತಿತ್ತು.

ಗೆರೆಗೆ ಕಣ್ಣಿಲ್ಲವಲ್ಲ, ಅದು ಕೆಲವು ಮನೆಗಳ ಒಳಗೂ ನುಗ್ಗಿತ್ತು. ಅಂಥ ಮನೆಯವರು ಯಾವ ದೇಶದವರು ಎಂಬ ತಕರಾರು ಎದ್ದಾಗ, ಹಿಂದಿನ ಕಾಲದ ಯಾರೋ ಜಾಣರು ಒಂದು ಕಾನೂನು ಮಾಡಿ ಕೈ ತೊಳೆದುಕೊಂಡಿದ್ದರು. ಮನೆಯ ಮುಂಬಾಗಿಲು ಯಾವ ದೇಶದ ಬೀದಿಗೆ ತೆರೆಯುತ್ತದೋ ಮನೆಯವರೆಲ್ಲ ಆ ದೇಶದ ಪ್ರಜೆಗಳು. ಅಷ್ಟೇ. ಹಿತ್ತಿಲ ಬಾಗಿಲು ಎತ್ತ ತೆರೆದರೂ ಯಾರೂ ಕೇಳುತ್ತಿರಲಿಲ್ಲ.

ಹಲೋ ಅಕ್ಕನ ಮನೆ ಅಂಥದ್ದೊಂದು. ಬೀದಿಯಿಂದ ಬೀದಿಗೆ ಉದ್ದನೆಯ ಹಜಾರ. ಮುಂಬಾಗಿಲು ಮೇಲ್ಬೀದಿಗೆ, ಹಿತ್ತಿಲ ಬಾಗಿಲು ಕೆಳಬೀದಿಗೆ. ಗೆರೆ ಹಜಾರವನ್ನು ಅಡ್ಡಹಾಯ್ದು ಪಕ್ಕದ ಕೋಣೆಯಲ್ಲಿ ಅತ್ತೆಯ ಮಂಚದ ಅಡಿ ನುಸುಳುತ್ತಿತ್ತು. "ತಲೆ ಒಂದು ದೇಶದಲ್ಲಿ, ಕಾಲು ಇನ್ನೊಂದು ದೇಶದಲ್ಲಿ. ಮಂಡಿನೋವಿಗೆ ನಾನು ಯಾವ ಸರ್ಕಾರನ ಕೇಳಲಿ?" ಎನ್ನುವುದು ಅತ್ತೆಯ ನಿತ್ಯದ ಅಹವಾಲು.

ಹಲೋ ಅಕ್ಕ ಎಂದರೆ ಮೇಲ್ಬೀದಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಕರೆಗಳನ್ನೆಲ್ಲ ಜೋಡಿಸುತ್ತಿದ್ದವಳು. ಮೇಲ್ಬೀದಿಯಿಂದ ಕೆಳಬೀದಿಗೆ ಮಾತಾಡುವುದೆಂದರೆ ಆಗ ವಿದೇಶದ ಕರೆ. ಕಿಟಕಿಯಿಂದ ಕೂಗಿದರೆ ಕೇಳಿಸುವ ದೂರವಾದರೂ ಜನ ಮರ್ಯಾದೆಗೆಂದು ಫೋನ್ ಮಾಡುತ್ತಿದ್ದರು. ಮದುವೆಯಾಗಿ ಗೆರೆ ದಾಟಿದ ಹೆಣ್ಣುಮಕ್ಕಳು ತಾಯಿಯ ಹತ್ತಿರ ಮಾತಾಡುವಾಗ ಹೊತ್ತು ಮೀರಿದರೂ ಅವಳು ತಂತಿ ಕೀಳುತ್ತಿರಲಿಲ್ಲ. ಮೇಲಿನವರು ಕೇಳಿದರೆ, "ಲೈನು ಅಂಟಿಕೊಂಡಿತ್ತು ಮೇಡಂ" ಎಂದುಬಿಡುತ್ತಿದ್ದಳು. ಮನೆಯಲ್ಲಿ ಅವಳು ಎಲ್ಲಿ ಕೂತರೂ ಯಾರಾದರೂ ಎಬ್ಬಿಸುತ್ತಿದ್ದರು. ಎಕ್ಸ್‌ಚೇಂಜಿನ ಆ ತಿರುಗುವ ಕುರ್ಚಿಯಿಂದ ಅವಳನ್ನು ಯಾರೂ ಎಬ್ಬಿಸುವ ಹಾಗಿರಲಿಲ್ಲ.

ಗಂಡನಿಗೆ ಕನ್ನಡಕದ ಅಂಗಡಿ. ಊರಿನವರಿಗೆ ಕನ್ನಡಕಪ್ಪ. ಊರವರ ದೃಷ್ಟಿಯನ್ನೆಲ್ಲ ತಿದ್ದುವ ಈ ಮಹಾನುಭಾವ ತನ್ನ ಕಾಲಡಿ ಇರುವುದನ್ನು ಎಡವಿದ ಮೇಲೆಯೇ ನೋಡುವವನು. ಒಳ್ಳೆಯವನು. ಒಳ್ಳೆಯವರಿಂದಲೇ ಇಂಥವೆಲ್ಲ ಆಗುವುದು.

ಶುರುವಾದದ್ದು ಷಡ್ಡಕನಿಂದ. ಹಲೋ ಅಕ್ಕನ ತಂಗಿಯ ಗಂಡ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಮನುಷ್ಯ, ಒಂದು ಭಾನುವಾರ ಬಂದು ಹಜಾರದ ಹಳೇ ಬೆಂಚಿನ ಮೇಲೆ ಕೂತು, "ಏನು ಭಾವ, ಇಲ್ಲಿ ಕೂತರೆ ಬಸ್ಸಿಗೆ ಕಾಯ್ತಾ ಇದೀನಿ ಅನ್ಸುತ್ತೆ" ಎಂದ. ಎಲ್ಲರೂ ನಕ್ಕರು. ಬೆಂಚೂ ಕಿರ್ ಎಂದು ನಕ್ಕಿತು. ಕನ್ನಡಕಪ್ಪ ಅಂದು ಊಟ ಸರಿಯಾಗಿ ಮಾಡಲಿಲ್ಲ.

ಅದಾದ ಮೇಲೆ ಕೆಳಬೀದಿಯ ಹಳೇ ಹೋಟೆಲೊಂದು ಮುಚ್ಚಿ ಸಾಮಾನು ಹರಾಜಾಯಿತು. ಕನ್ನಡಕಪ್ಪ ಅಲ್ಲಿಂದ ಒಂದು ಸೋಫಾ ತಂದ. ತಂದ ಎನ್ನುವುದು ತಪ್ಪು, ಸೋಫಾವೇ ಅವನನ್ನು ಎಳೆದುಕೊಂಡು ಬಂತು. ಕೆಂಪು ಮಖಮಲ್ಲು, ಸಿಂಹದ ಪಾದದಂಥ ಕಾಲುಗಳು, ಏಳೆಂಟು ಜನ ಕೂತು ಒಬ್ಬರಿಗೊಬ್ಬರು ಮುನಿಸಿಕೊಳ್ಳಬಹುದಾದಷ್ಟು ಉದ್ದ.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ" ಎಂದಳು ಅವನ ತಾಯಿ.

ಸೋಫಾ ಮುಂಬಾಗಿಲಲ್ಲಿ ಹಿಡಿಸಲಿಲ್ಲ. ನಿಲ್ಲಿಸಿದರು, ಮಲಗಿಸಿದರು, ಬೈದರು. ಕೊನೆಗೆ ಬಡಗಿ ಬಂದು ಹಿತ್ತಿಲ ಬಾಗಿಲಿದ್ದ ಗೋಡೆಯನ್ನೇ ಒಡೆದ. ಸೋಫಾ ಅದರೊಳಗಿಂದ ನೇರ ನುಗ್ಗಿತು. ಹಜಾರದ ಎರಡು ಪಕ್ಕದಲ್ಲೂ ಕೋಣೆಗಳ ಬಾಗಿಲು, ಹಾಗಾಗಿ ಅದಕ್ಕೆ ಜಾಗ ಸಿಕ್ಕಿದ್ದು ಹಜಾರದ ಆ ತುದಿಯಲ್ಲಿ, ಹಳೇ ಮುಂಬಾಗಿಲಿಗೆ ಬೆನ್ನು ಕೊಟ್ಟು, ಗೋಡೆಯಿಂದ ಗೋಡೆಗೆ ಬಿರಡೆ ಹಾಕಿದ ಹಾಗೆ. ಅಲ್ಲಿಗೆ ಮುಂಬಾಗಿಲು ಬಂದ್. ಒಡೆದ ಗೋಡೆಯನ್ನು ಅಷ್ಟಿಷ್ಟು ಮುಚ್ಚಿ ಬಡಗಿ ಅಲ್ಲೊಂದು ಜೋಡಿ ಕದದ ಬಾಗಿಲು ಕೂರಿಸಿದ. ಹಿತ್ತಾಳೆಯ ಹಿಡಿ, ಮೇಲೆ ಕೆತ್ತನೆ. ಅಷ್ಟು ಚೆಂದದ ಬಾಗಿಲನ್ನು ಹಿತ್ತಿಲ ಬಾಗಿಲು ಎನ್ನಲು ಕನ್ನಡಕಪ್ಪನಿಗೆ ನಾಲಿಗೆ ಬರಲಿಲ್ಲ. ಹಳೇ ಬಾಗಿಲಿನ ಹೆಸರಿನ ಹಲಗೆಯನ್ನೂ ಮನೆಯ ನಂಬರನ್ನೂ ಕಿತ್ತು ತಂದು, ಹೊಸ ಬಾಗಿಲಿಗೆ ತಾನೇ ನಿಂತು ಮೊಳೆ ಹೊಡೆದ.

ಸಂಸಾರವೊಂದು ದೇಶ ಬಿಟ್ಟದ್ದು ಹೀಗೆ, ನಾಲ್ಕು ಮೊಳೆಗಳಲ್ಲಿ.

ಮೊದಲು ಗೊತ್ತಾದದ್ದು ಮೇಲ್ಬೀದಿಯ ಪೋಸ್ಟ್‌ಮ್ಯಾನಿಗೆ. ಅವನು ಹಳೇ ಬಾಗಿಲ ಮುಂದೆ ಸೈಕಲ್ ನಿಲ್ಲಿಸಿ, ನಂಬರಿಲ್ಲದ ಗೋಡೆ ನೋಡಿ, ಸುತ್ತು ಹಾಕಿಕೊಂಡು ಗೆರೆಯವರೆಗೆ ಬಂದು ನಿಂತ.

"ಅಕ್ಕಾ, ನಿಮಗೆ ಕಾಗದ ಬಂದಿದೆ."

"ಕೊಡಪ್ಪಾ" ಎಂದು ಹಲೋ ಅಕ್ಕ ಹೊಸ ಬಾಗಿಲಿನಿಂದ ಗೆರೆಯವರೆಗೆ ಬಂದು ಕೈ ಚಾಚಿದಳು.

"ಹೆಂಗೆ ಕೊಡ್ಲಿ? ನೀವೀಗ ವಿದೇಶದಲ್ಲಿದೀರಿ. ಇದಕ್ಕೆ ಅಂಟಿಸಿರೋದು ಒಳನಾಡಿನ ಸ್ಟ್ಯಾಂಪು. ಇದು ವಾಪಸ್ ರಾಜಧಾನಿಗೆ ಹೋಗಿ, ಅಲ್ಲಿಂದ ಅವರ ರಾಜಧಾನಿಗೆ ಹೋಗಿ, ಅಲ್ಲಿಂದ ಬರಬೇಕು."

"ನಿನ್ನ ಕೈಯಿಂದ ನನ್ನ ಕೈಗೆ ಒಂದು ಮೊಳ ಇಲ್ಲ!"

"ಮೊಳದ ಲೆಕ್ಕ ಅಲ್ಲಕ್ಕಾ, ದೇಶದ ಲೆಕ್ಕ" ಎಂದ ಅವನು. ಆಮೇಲೆ ಮರುಕ ಬಂದು, "ಬೇಕಾದ್ರೆ ಓದಿ ಹೇಳ್ತೀನಿ, ನೀವು ಅಲ್ಲಿಂದ ಕೇಳಿಸ್ಕೊಳ್ಳಿ" ಎಂದ.

ಅದರ ಮಾರನೆಯ ದಿನ ಹಲೋ ಅಕ್ಕ ಡ್ಯೂಟಿಗೆ ಹೋಗಿದ್ದಾಗ ಕೆಳಬೀದಿಯ ಪೌರತ್ವ ಅಧಿಕಾರಿ ಬಂದ. ದೂರದೂರಿನಿಂದ ವರ್ಗವಾಗಿ ಬಂದು ಸರ್ಕಾರಿ ಕ್ವಾರ್ಟರ್ಸಿನಲ್ಲಿ ಒಬ್ಬನೇ ಇದ್ದ, ಇಸ್ತ್ರಿ ಮಾಡಿದ ಕೋಟಿನ ಸಣಕಲು ಮನುಷ್ಯ. ಅವನು ಬಂದಾಗಿನಿಂದ ಕೆಳಬೀದಿಯಿಂದ ಜನ ಬಿಟ್ಟುಹೋದದ್ದೇ ಹೊರತು ಬಂದದ್ದಿಲ್ಲ. ಈಗ ಒಂದಿಡೀ ಸಂಸಾರ ತಾನಾಗಿ ಬಂದಿದೆ! ಅವನು ಒಂದು ಹೂವಿನ ಕುಂಡ ಹಿಡಿದು ಬಂದು ಕನ್ನಡಕಪ್ಪನ ಕೈ ಕುಲುಕಿದ.

"ಸ್ವಾಗತ! ಕೊನೆಗೂ ನಮ್ಮದನ್ನೇ ಆರಿಸಿಕೊಂಡಿರಿ."

ಹರಾಜಿನ ಕಡೆಯವನೇ ಸೋಫಾ ಬಗ್ಗೆ ವಿಚಾರಿಸಲು ಬಂದಿದ್ದಾನೆ ಎಂದುಕೊಂಡ ಕನ್ನಡಕಪ್ಪ. ಅವನ ಮುಖ ಅರಳಿತು. "ಬಹಳ ದಿನದ ಆಸೆ ಸ್ವಾಮಿ."

"ಹೌದೇ! ಯಾವಾಗಿನಿಂದ?"

"ನಮ್ಮ ಷಡ್ಡಕ ನಾಲ್ಕು ಜನರ ಮುಂದೆ ಅವಮಾನ ಮಾಡಿದಾಗಿನಿಂದ."

ಅಧಿಕಾರಿಯ ಕಣ್ಣು ಒದ್ದೆಯಾಯಿತು. "ಅಲ್ಲಿ ನಿಮಗೆ ಅವಮಾನ ಬೇರೆ ಆಗಿತ್ತೇ? ಆದರೂ ಹಳೆಯದನ್ನು ಬಿಡುವಾಗ ಸಂಕಟ ಆಗಲಿಲ್ಲವೇ?"

"ಎಂಥಾ ಸಂಕಟ! ಅದು ಮುರುಕಲು. ನಮ್ಮ ಅಪ್ಪನ ಕಾಲದಿಂದ ಹೇಗೋ ಸುಧಾರಿಸ್ಕೊಂಡು ಬಂದ್ವಿ. ಒಳಗೆಲ್ಲ ತಿಗಣೆ."

"ತಿಗಣೆ" ಎಂದು ಅಧಿಕಾರಿ ಗಂಭೀರವಾಗಿ ತಲೆದೂಗಿದ. "ಎಲ್ಲ ಸರ್ಕಾರಗಳಲ್ಲೂ ಅವು ಇರುತ್ತವೆ, ನೀವು ಬಾಯಿಬಿಟ್ಟು ಹೇಳಿದಿರಿ. ಈಗ ಹೇಗನ್ನಿಸುತ್ತಿದೆ?"

"ಮೆತ್ತಗಿದೆ ಸ್ವಾಮಿ. ಕೂತರೆ ಏಳೋಕೆ ಮನಸ್ಸಾಗಲ್ಲ."

ಈ ಮಾತುಗಳು ಕೆಳಬೀದಿಯ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂದವು. 'ಬಿಟ್ಟು ಬಂದದ್ದು ಮುರುಕಲು, ತಿಗಣೆ ತುಂಬಿದ್ದು: ಹೊಸ ಪ್ರಜೆಯ ಮನದಾಳ.' ಪತ್ರಿಕೆ ಗೆರೆ ದಾಟಿ ಮೇಲ್ಬೀದಿಗೆ ಬರಲು ಕಾಫಿ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

ಎದುರುಮನೆಯ ನಿವೃತ್ತ ಮೇಷ್ಟ್ರು ಪತ್ರಿಕೆಯನ್ನು ಸುರುಳಿ ಸುತ್ತಿ ಬೆತ್ತದಂತೆ ಹಿಡಿದು ಕನ್ನಡಕದ ಅಂಗಡಿಗೆ ಹೋದರು. "ನೀನು ನನ್ನ ಕೈಕೆಳಗೆ ಓದಿದವನು. ದೇಶಕ್ಕೆ ತಿಗಣೆ ಅಂದೆಯಾ?"

"ಬೆಂಚಿಗೆ ಅಂದೆ ಸಾರ್."

"ಬೆಂಚಿನ ಮೇಲೆ ನಿಲ್ಲಿಸಬೇಕು ನಿನ್ನ!" ಎಂದು ಅವರು ತಮ್ಮ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. "ತಗೋ. ವಿದೇಶಿ ಮಾಲು ನನಗೆ ಬೇಡ." ಹಾಗೆಂದು ಹೊರಡಲು ತಿರುಗಿ ಕಪಾಟಿಗೆ ಢಿಕ್ಕಿ ಹೊಡೆದು, ಕನ್ನಡಕ ವಾಪಸ್ ಹಾಕಿಕೊಂಡು, "ಮನೆ ತನಕ ಅಷ್ಟೇ" ಎಂದು ನಡೆದರು.

ಇಲ್ಲಿಯವರೆಗೆ ಎಲ್ಲ ತಮಾಷೆಯೇ. ಎಕ್ಸ್‌ಚೇಂಜಿನ ಮೇಡಂ ಮಾತ್ರ ನಗಲಿಲ್ಲ. ಹಲೋ ಅಕ್ಕ ಕುರ್ಚಿಯಲ್ಲಿ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುವಾಗ ಅವರು ಹಿಂದಿನಿಂದ ಬಂದು ಅದನ್ನು ಮೆಲ್ಲಗೆ ತೆಗೆದರು.

"ತಪ್ಪು ತಿಳೀಬೇಡ ಕಣಮ್ಮಾ. ಸರ್ಕಾರಿ ಕೆಲಸ ಪ್ರಜೆಗಳಿಗೆ ಮಾತ್ರ. ದೇಶದ ಗುಟ್ಟೆಲ್ಲ ಈ ತಂತಿಯಲ್ಲೇ ಹರಿಯೋದು."

ಹಲೋ ಅಕ್ಕನಿಗೆ ಆ ತಂತಿಯಲ್ಲಿ ಹರಿಯುವುದೆಲ್ಲ ಗೊತ್ತಿತ್ತು. ಯಾರ ಸೊಸೆ ಯಾರ ಹತ್ತಿರ ಅತ್ತಳು, ಯಾರ ಉಪ್ಪಿನಕಾಯಿಗೆ ಬೂಷ್ಟು ಹಿಡಿಯಿತು. ಶತ್ರು ದೇಶ ಅದನ್ನೆಲ್ಲ ತಿಳಿದು ಏನು ಮಾಡಿಕೊಳ್ಳಬಹುದೋ ಅವಳಿಗೆ ಹೊಳೆಯಲಿಲ್ಲ. ಹೊಳೆದದ್ದು ಒಂದೇ, ತನ್ನ ಕುರ್ಚಿಯಲ್ಲಿ ನಾಳೆ ಬೇರೆ ಯಾರೋ ಕೂರುತ್ತಾರೆ.

"ಶುಕ್ರವಾರ ಎರಡು ಕಡೆಯ ಅಧಿಕಾರಿಗಳೂ ನಿಮ್ಮನೆಗೆ ಬಂದು ಯಾವುದು ಮುಂಬಾಗಿಲು ಅಂತ ತೀರ್ಮಾನ ಮಾಡ್ತಾರಂತೆ" ಎಂದರು ಮೇಡಂ. "ಅಲ್ಲಿವರೆಗೆ ನಿನ್ನ ಜಾಗ ಕಾಯ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಅವಳು ಮನೆಗೆ ಬಂದು ಗಂಡನ ಮುಂದೆ ನಿಂತಳು. ಕೂಗಾಡಲಿಲ್ಲ. "ರೀ, ನನ್ನ ಕೆಲಸ ಹೋಯ್ತು" ಎಂದಳು.

ಕನ್ನಡಕಪ್ಪ ಸೋಫಾದಿಂದ ಎದ್ದು ನಿಂತ. ಎದ್ದವನು ಸೋಫಾ ನೋಡಿದ, ಬಾಗಿಲು ನೋಡಿದ, ಆ ಮೊಳೆಗಳನ್ನೂ ನೋಡಿದ. ಆಗ ಅವನಿಗೆ ಅರ್ಥವಾಯಿತು. ಎಡವಿದ್ದು ತಾನಾದರೂ ಬಿದ್ದದ್ದು ಹೆಂಡತಿ.

ಹೆಸರಿನ ಹಲಗೆ ಅಂದೇ ಕಿತ್ತ. ಆದರೆ ಸೋಫಾ ಕದಲಬೇಕಲ್ಲ! ನಾಲ್ಕು ಜನ ಎಳೆದರು, ಗೋಡೆಯ ಗಾರೆ ಉದುರಿತೇ ಹೊರತು ಸಿಂಹದ ಪಾದ ಮುಂದೆ ಬರಲಿಲ್ಲ. ಬಡಗಿಯನ್ನು ಕೇಳಿದರೆ, "ಈಗಿನ ಬಾಗಿಲಲ್ಲಿ ಅದು ಹೊರಗೆ ಹೋಗಲ್ಲ. ಗೋಡೆ ಇನ್ನೊಂದು ಸಲ ಒಡೆದರೆ ಸೂರು ನಿಮ್ಮ ತಲೆ ಮೇಲೆ" ಎಂದ.

ಶುಕ್ರವಾರ ಬಂತು. ಕೆಳಬೀದಿಯ ಅಧಿಕಾರಿ ತನ್ನ ಕೋಟಿನಲ್ಲಿ, ಮೇಲ್ಬೀದಿಯ ಅಧಿಕಾರಿ ತನ್ನ ಹೊಟ್ಟೆಯೊಂದಿಗೆ ಬಂದು ಸೋಫಾದ ಎರಡು ತುದಿಯಲ್ಲಿ ಕೂತರು. ನಿಯಮ ಬಹಳ ಸರಳವಾಗಿತ್ತು. ಹಲಗೆ, ನಂಬರು ಯಾವುದನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಬಂದವರು ಯಾವ ಬಾಗಿಲು ತಟ್ಟುತ್ತಾರೋ, ಮನೆಯವರು ಯಾವ ಬಾಗಿಲು ತೆರೆದು ಬರಮಾಡಿಕೊಳ್ಳುತ್ತಾರೋ ಅದೇ ಮುಂಬಾಗಿಲು. ಇಬ್ಬರೂ ಸುಮ್ಮನೆ ಕೂತು ನೋಡುವುದು.

ಸೋಫಾದ ಬೆನ್ನಿಗಿದ್ದ ಹಳೇ ಬಾಗಿಲು ಟಕ್ ಟಕ್ ಎಂದಿತು.

"ಯಾರು?" ಎಂದಳು ಹಲೋ ಅಕ್ಕ.

"ನಾನಮ್ಮಾ, ಮೇಷ್ಟ್ರು! ದಾರೀಲಿ ಹೋಗ್ತಾ ಇದ್ದೆ, ಸುಮ್ಮನೆ ತಟ್ಟಿದೆ!" ಅವರು ಎದುರುಮನೆಯಿಂದ ನೇರವಾಗಿ, ಇದಕ್ಕೆಂದೇ ಬಟ್ಟೆ ಬದಲಿಸಿಕೊಂಡು ಬಂದಿದ್ದರು. ದೇಶವನ್ನು ಬೈದವನ ಮೇಲೆ ಎಷ್ಟು ಸಿಟ್ಟಿದ್ದರೂ, ಹಲೋ ಅಕ್ಕನ ಕೆಲಸ ಹೋಗುವುದು ಅವರಿಗೂ ಬೇಡವಾಗಿತ್ತು.

ಮೇಲ್ಬೀದಿಯ ಅಧಿಕಾರಿ ಖುಷಿಯಾಗಿ, "ತಟ್ಟಿದರು, ಬರೆದುಕೊಳ್ಳಿ" ಎಂದ. "ತೆರೆಯಮ್ಮಾ."

ಕನ್ನಡಕಪ್ಪ ಸೋಫಾದ ಬೆನ್ನ ಮೇಲಿಂದ ಬಗ್ಗಿ ಅಗುಳಿ ತೆಗೆದ. ಕದ ಒಳಕ್ಕೆ ಒಂದು ಬೆರಳಿನಷ್ಟು ಬಂದು ಸೋಫಾಕ್ಕೆ ತಾಗಿ ನಿಂತಿತು. ಸಂದಿಯಲ್ಲಿ ಮೇಷ್ಟ್ರ ಒಂದು ಕಣ್ಣು ಕಾಣಿಸಿತು. "ನಮಸ್ಕಾರ" ಎಂದಿತು ಕಣ್ಣು.

"ತೆರೆಯದ ಬಾಗಿಲು ಬಾಗಿಲಲ್ಲ, ಗೋಡೆ" ಎಂದ ಕೆಳಬೀದಿಯ ಅಧಿಕಾರಿ ನಯವಾಗಿ. "ಈಗ ನಮ್ಮ ಕಡೆ ನೋಡೋಣ. ನಮ್ಮ ಬೀದಿಯವರಿಗೂ ಹೇಳಿದ್ದೇನೆ. ಶಿಸ್ತಾಗಿ ಬಂದು ತಟ್ಟುತ್ತಾರೆ."

ಹಲೋ ಅಕ್ಕ ಕಿಟಕಿಯಿಂದ ನೋಡಿದಳು. ಕೆಳಬೀದಿಯ ಬೇಕರಿಯಾಕೆ ಬರುತ್ತಿದ್ದಳು. ಎಷ್ಟೋ ವರ್ಷಗಳಿಂದ ಇಬ್ಬರಿಗೂ ಹಿತ್ತಿಲ ಸ್ನೇಹ. ಒಂದು ಮನೆಯ ಸಕ್ಕರೆ ಇನ್ನೊಂದು ಮನೆಯ ಡಬ್ಬಿಯಲ್ಲೇ ಇರುತ್ತಿತ್ತು. ಇವತ್ತು ಅವಳು ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ತನ್ನ ದೇಶದ ಗೌರವವನ್ನೆಲ್ಲ ಹೊತ್ತು ನೆಟ್ಟಗೆ ನಡೆದು ಬಂದು ಹಿತ್ತಾಳೆಯ ಹಿಡಿಯ ಮುಂದೆ ನಿಂತಳು. ತಟ್ಟಲು ಕೈ ಎತ್ತಿದಳು. ಹಲೋ ಅಕ್ಕ ಕಣ್ಣು ಮುಚ್ಚಿಕೊಂಡಳು.

ತಟ್ಟುವ ಸದ್ದು ಬರಲಿಲ್ಲ. ಧಡಾರನೆ ಬಾಗಿಲು ತೆರೆದುಕೊಂಡಿತು. "ಅಕ್ಕಾ, ನನ್ನ ಜರಡಿ ಎಲ್ಲಿಟ್ಟಿದೀಯ? ಹಿಟ್ಟಲ್ಲಿ ಹುಳ ಇದೆ ಕಣೇ" ಎನ್ನುತ್ತ ಬೇಕರಿಯಾಕೆ ಇಬ್ಬರು ಅಧಿಕಾರಿಗಳ ಮುಂದಿನಿಂದಲೇ ಹಾದು ಅಡುಗೆಮನೆ ಹೊಕ್ಕು, ಪಾತ್ರೆ ಸದ್ದು ಮಾಡಿ, ಜರಡಿ ಹಿಡಿದು ಹೊರಬಂದು, ಅಲ್ಲಿ ಕೂತಿದ್ದ ಕೋಟನ್ನು ನೋಡಿ ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ ಸಾರ್, ಮರ್ತೇಹೋಯ್ತು! ಆಚೆ ಹೋಗಿ ಇನ್ನೊಂದು ಸಲ ಬರ್ಲಾ?"

ನಿಜಕ್ಕೂ ಮರೆತಳೋ, ಬೇಕೆಂದೇ ಮರೆತಳೋ, ಹಲೋ ಅಕ್ಕ ಯಾವತ್ತೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅವಳ ಹಿಂದೆ ಬಂದ ದರ್ಜಿಯೂ ತಟ್ಟಲಿಲ್ಲ, "ಅಜ್ಜಿ, ನಿಮ್ಮ ಸೂಜಿ ಪೋಣಿಸಿ ತಂದಿದೀನಿ" ಎಂದು ಒಳಗೇ ಬಂದ. ಬೆಕ್ಕು ಕೂಡ ಬಂತು.

ಆಗ ಅತ್ತೆ ಕೋಣೆಯಿಂದ ಎದ್ದು ಬಂದಳು. ಕೆಳಬೀದಿಯ ಅಧಿಕಾರಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಪ್ಪಾ, ಕಾನೂನು ಓದಿದೀಯ?"

"ಓದಿದೀನಿ ಅಮ್ಮಾ."

"ಮುಂಬಾಗಿಲು ಅಂದ್ರೆ ತಟ್ಟೋದು. ಹಿತ್ತಿಲ ಬಾಗಿಲು ಅಂದ್ರೆ ತಟ್ಟದೆ ಬರೋದು. ನಿನ್ನ ದೇಶದೋರು ಒಬ್ಬರಾದ್ರೂ ತಟ್ಟಿದ್ರಾ?"

ಅಧಿಕಾರಿ ಜರಡಿಯನ್ನು ನೋಡಿದ, ದರ್ಜಿಯನ್ನು ನೋಡಿದ, ಬೆಕ್ಕನ್ನು ನೋಡಿದ. ಪ್ರಾಮಾಣಿಕ ಮನುಷ್ಯ. "ಇಲ್ಲ" ಎಂದ. ಆಮೇಲೆ ಕೊನೆಯ ಹುಲ್ಲುಕಡ್ಡಿ ಹಿಡಿದಂತೆ, "ಆದರೆ ಆ ಬಾಗಿಲು ತೆರೆಯುವುದಿಲ್ಲವಲ್ಲ! ತಟ್ಟಿದವರನ್ನು ಬರಮಾಡಿಕೊಳ್ಳಬೇಕು. ಒಂದು ಕಣ್ಣನ್ನು ಬರಮಾಡಿಕೊಂಡರೆ ಆಯಿತೇ?"

ಮೇಲ್ಬೀದಿಯ ಅಧಿಕಾರಿ ಬೆವರು ಒರೆಸಿಕೊಂಡ. ಹಲೋ ಅಕ್ಕ ಗಂಡನ ಕಡೆ ನೋಡಲಿಲ್ಲ. ಆ ಮಖಮಲ್ಲನ್ನು ಅವನು ದಿನಾ ಬೆಳಿಗ್ಗೆ ಕನ್ನಡಕ ಒರೆಸುವ ಬಟ್ಟೆಯಿಂದಲೇ ಒರೆಸುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಷಡ್ಡಕ ಇನ್ನೂ ಬಂದು ಅದರ ಮೇಲೆ ಒಂದು ಸಲವೂ ಕೂತಿರಲಿಲ್ಲ.

"ಸ್ವಲ್ಪ ಏಳ್ತೀರಾ?" ಎಂದ ಕನ್ನಡಕಪ್ಪ ಅಧಿಕಾರಿಗಳಿಗೆ. ಆಮೇಲೆ ಬಾಗಿಲಲ್ಲಿ ತಮಾಷೆ ನೋಡುತ್ತಿದ್ದ ಬಡಗಿಗೆ, "ಗರಗಸ ತಗೊಂಡು ಬಾ" ಎಂದ.

"ಇದಕ್ಕಾ? ತೇಗದ್ದು ಅಣ್ಣಾ!"

"ಗೊತ್ತು. ನಡುವೆ ಕೊಯ್ಯಿ."

"ರೀ" ಎಂದಳು ಹಲೋ ಅಕ್ಕ.

"ಸುಮ್ನಿರೇ. ಅಲ್ಲಿ ನಿನ್ನ ಕುರ್ಚಿ ಖಾಲಿ ಇದೆ."

ಬಡಗಿ ಕೊಯ್ದ. ಹತ್ತಿ ಹಾರಿ ಇಬ್ಬರು ಅಧಿಕಾರಿಗಳ ಮೀಸೆಯ ಮೇಲೂ ಸಮನಾಗಿ ಕೂತಿತು. ಹೋಟೆಲಿನ ಕಾಲದ ಚಮಚಗಳೂ ಯಾರದೋ ಹಲ್ಲಿನ ಸೆಟ್ಟೂ ಸೋಫಾದ ಹೊಟ್ಟೆಯಿಂದ ಉದುರಿದವು. ಗರಗಸ ಎಳೆದಷ್ಟು ಸಲವೂ ಕನ್ನಡಕಪ್ಪ ಒಂದೊಂದು ಬಾರಿ ಕಣ್ಣು ಮಿಟುಕಿಸಿದ. ಕೊನೆಗೆ ಸೋಫಾ ದೊಪ್ಪನೆ ಎರಡಾಗಿ, ಆ ಅರ್ಧ ಆ ಗೋಡೆಗೆ, ಈ ಅರ್ಧ ಈ ಗೋಡೆಗೆ ತಿರುಗಿ ಒರಗಿತು. ನಡುವಿನಿಂದ ಹಳೇ ಬಾಗಿಲು ಪೂರ್ತಿ ತೆರೆದುಕೊಂಡಿತು. ಹೊರಗೆ ಮೇಷ್ಟ್ರು ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದರು.

"ಇಷ್ಟು ಹೊತ್ತಾ ಬಾಗಿಲು ತೆರೆಯೋಕೆ?" ಎಂದು ಗದರಿದ ಅವರು, "ಬನ್ನಿ ಸಾರ್, ಬನ್ನಿ" ಎಂದು ಕನ್ನಡಕಪ್ಪ ಕರೆದ ಮೇಲೆಯೇ ಒಳಗೆ ಕಾಲಿಟ್ಟರು. ಕಾನೂನು ಬಲ್ಲವರು.

ತೀರ್ಮಾನ ಆಯಿತು. ಮೇಲ್ಬೀದಿಯ ಅಧಿಕಾರಿ ಹಲೋ ಅಕ್ಕನಿಗೆ, "ಡ್ಯೂಟಿಗೆ ಹೋಗಮ್ಮಾ, ನಮ್ಮನೆಗೊಂದು ಕಾಲ್ ಹಾಕು, ಊಟಕ್ಕೆ ತಡ ಅಂತ ಹೇಳಬೇಕು" ಎಂದ. ಅವಳು ಚಪ್ಪಲಿ ಮೆಟ್ಟಿ ಓಡಿಯೇಬಿಟ್ಟಳು. ಆ ಸಂಜೆ ಅವಳು ಜೋಡಿಸಿದ ಕರೆಗಳಲ್ಲೆಲ್ಲ ಒಂದೇ ಸುದ್ದಿ, ಅವಳ ಮನೆಯದೇ. ಕೇಳಿಸಿಕೊಳ್ಳುತ್ತ ಅವಳು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದಳು.

ಕೆಳಬೀದಿಯ ಅಧಿಕಾರಿ ಕೋಟಿನ ಹತ್ತಿ ಕೊಡವಿಕೊಂಡು ಹೊರಟದ್ದನ್ನು ಅತ್ತೆ ಆಮೇಲೆ ಸೊಸೆಗೆ ಹೇಳಿದಳು. ಸಿಕ್ಕಿದ ಸಂಸಾರ ಕೈಬಿಟ್ಟು ಹೋಗಿತ್ತಲ್ಲ, ಮುಖ ಸಣ್ಣದಾಗಿತ್ತಂತೆ. ಅಷ್ಟಾದರೂ ಶಿಸ್ತಿನ ಮನುಷ್ಯ. ಅತಿಥಿ ಮುಂಬಾಗಿಲಿನಿಂದಲೇ ಹೋಗಬೇಕೆಂದು ಮೇಲ್ಬೀದಿಗೆ ಇಳಿದು, ಬೀದಿ ಸುತ್ತಿ ಗೆರೆ ದಾಟಿ, ತನ್ನ ದೇಶ ಸೇರಿದನಂತೆ.

ಒಂದು ವಾರ ಕಳೆದಿರಬೇಕು. ಸಂಜೆ ಡ್ಯೂಟಿ ಮುಗಿಸಿ ಬಂದ ಹಲೋ ಅಕ್ಕ ಒಲೆಯ ಮುಂದೆ ನಿಂತಿದ್ದಳು. ಹಜಾರದಲ್ಲಿ ಕನ್ನಡಕಪ್ಪ ಒಂದು ಅರ್ಧದ ಮೇಲೆ, ಅತ್ತೆ ಇನ್ನೊಂದು ಅರ್ಧದ ಮೇಲೆ ಕೂತು ವಾದ ಮಾಡುತ್ತಿದ್ದರು. ಹಿತ್ತಾಳೆ ಹಿಡಿಯ ಬಾಗಿಲು ಕಿರ್ ಎಂದಿತು. ಬೇಕರಿಯಾಕೆ ಇರಬೇಕೆಂದು ಅವಳು ತಿರುಗಲಿಲ್ಲ. ಹೆಜ್ಜೆಗಳು ಬಂದು ಅಡುಗೆಮನೆಯ ಹೊಸಿಲಲ್ಲಿ ನಿಂತವು. ತಿರುಗಿ ನೋಡಿದರೆ ಕೋಟು.

"ತಟ್ಟಲಿಲ್ಲ" ಎಂದ ಅವನು, ತಪ್ಪೊಪ್ಪಿಕೊಂಡವನಂತೆ.

"ಗೊತ್ತಾಯ್ತು" ಎಂದಳು ಹಲೋ ಅಕ್ಕ. ಪಾತ್ರೆಗೆ ಇನ್ನೊಂದು ಲೋಟ ನೀರು ಹಾಕಿ, ಕೂತುಕೊಳ್ಳಲು ಮಣೆಯನ್ನು ಕಾಲಿನಿಂದಲೇ ಅವನತ್ತ ಸರಿಸಿದಳು.